ನಿಧಾನವಾಗಿ ಕರಗುವ ಗುಳಿಗೆಯ ಮೊದಲ ಪರೀಕ್ಷೆಗಳು

ಪಾರ್ಕಿನ್ಸನ್ ರೋಗಕ್ಕಾಗಿ ಬಹುವರ್ಷಗಳಿಂದ ಔಷಧ ಸೇವಿಸುತ್ತಿರುವವರ ದಿನವನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಗುಳಿಗೆಯೇ ಅಳೆಯುತ್ತದೆ. ಬೆಳಗಿನ ಗುಳಿಗೆಯನ್ನು ನುಂಗಿದ ಸ್ವಲ್ಪ ಹೊತ್ತಿಗೆ ಕೈಯ ನಡುಕವಿಳಿದು, ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು ಬೆರಳುಗಳು ಸಡಿಲವಾಗುತ್ತವೆ. ಎರಡು ಮೂರು ಗಂಟೆ ಕಳೆಯುವುದರೊಳಗೆ ಹೆಜ್ಜೆ ನೆಲಕ್ಕೆ ಅಂಟಿದಂತಾಗುತ್ತದೆ, ದನಿ ಕುಗ್ಗುತ್ತದೆ; ಮತ್ತೊಂದು ಗುಳಿಗೆಯ ಹಾದಿ ಕಾಯಬೇಕು. ಈ ಏರಿಳಿತವನ್ನು ಸಮಗೊಳಿಸುವ ಆಸೆಯಿಂದಲೇ 1980ರ ದಶಕದಲ್ಲಿ ನಿಧಾನವಾಗಿ ಕರಗುವ ಗುಳಿಗೆಗಳ ಪರೀಕ್ಷೆ ನಡೆಯಿತು. ಆಸೆ ಪಟ್ಟದ್ದೆಲ್ಲ ಅದರಿಂದ ಕೈಗೂಡಲಿಲ್ಲವಾದರೂ ತಿಳಿದುಬಂದ ಸಂಗತಿಗಳು ಅಲ್ಪವಲ್ಲ.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನು 1817ರಲ್ಲಿ ಈ ರೋಗವನ್ನು ವರ್ಣಿಸಿದ ಮೇಲೆ, ಅದರ ಮೂಲದಲ್ಲಿರುವ ಕೊರತೆ ಯಾವುದೆಂದು ಅರಿಯಲು ಸುಮಾರು ನೂರನಲವತ್ತು ವರ್ಷಗಳು ಬೇಕಾದವು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು 1950ರ ದಶಕದ ಕೊನೆಯಲ್ಲಿ ರಿಸರ್ಪಿನ್ ಕೊಟ್ಟು ನಿಶ್ಚಲಗೊಳಿಸಿದ್ದ ಮೊಲಗಳನ್ನು ಡೋಪಾ ಎಂಬ ದ್ರವ್ಯದಿಂದ ಮತ್ತೆ ಚಲಿಸುವಂತೆ ಮಾಡಿದರು. ಆ ರಿಸರ್ಪಿನ್ನನ್ನು 1952ರಲ್ಲಿ ಮೊದಲು ಬೇರ್ಪಡಿಸಿದ್ದು ನಮ್ಮ ಸರ್ಪಗಂಧದ ಬೇರಿನಿಂದ. ಮೊಲಗಳನ್ನು ಎಬ್ಬಿಸಿದ ಡೋಪಾ ಕೂಡ ನಮಗೆ ತೀರ ಅಪರಿಚಿತವಲ್ಲ. ಮೈಗೆ ತಾಗಿದರೆ ತುರಿಕೆಯೆಬ್ಬಿಸುವ ನಸುಗುನ್ನಿಯ ಬೀಜದಲ್ಲಿ ಅದು ಹೇರಳವಾಗಿದೆ. ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಬತ್ತಿರುವುದನ್ನು ವಿಯೆನ್ನಾದ ವಿಜ್ಞಾನಿಗಳು 1960ರಲ್ಲಿ ತೋರಿಸಿದರು. ಅಮೆರಿಕೆಯ ಜಾರ್ಜ್ ಕೋಟ್ಜಿಯಾಸರು 1967ರಲ್ಲಿ, ಬಾಯಿಯ ಮೂಲಕ ದೊಡ್ಡ ಪ್ರಮಾಣದಲ್ಲಿ, ಆದರೆ ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಡೋಪಾ ಕೊಟ್ಟು ಫಲ ಕಂಡರು. ಲೆವೊಡೋಪಾ ಚಿಕಿತ್ಸೆ ನೆಲೆಗೊಂಡದ್ದು ಹೀಗೆ.

ಆದರೆ ಈ ದ್ರವ್ಯಕ್ಕೆ ಬಾಳಿಕೆಯಿಲ್ಲ. ದಾರಿಯಲ್ಲೇ ಅದು ವ್ಯಯವಾಗದಂತೆ ತಡೆಯುವ ಕಾರ್ಬಿಡೋಪಾವನ್ನು ಬೆರೆಸಿ ಕೊಟ್ಟರೂ, ರಕ್ತದಲ್ಲಿರುವ ಅದರ ಪ್ರಮಾಣ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ರೋಗದ ಮೊದಮೊದಲಲ್ಲಿ ಮಿದುಳಿನ ಅಳಿದುಳಿದ ಕೋಶಗಳು ಬಂದ ಡೋಪಾವನ್ನು ಡೋಪಮಿನ್ ಮಾಡಿ ಕೂಡಿಟ್ಟುಕೊಂಡು ಬೇಕಾದಾಗ ವೆಚ್ಚ ಮಾಡುತ್ತವೆ. ಆಗ ಈ ಏರಿಳಿತ ರೋಗಿಯ ಗಮನಕ್ಕೇ ಬಾರದು. ಕೋಶಗಳು ಕ್ಷೀಣಿಸಿದಂತೆಲ್ಲ ಕಣಜವಿಲ್ಲದ ಒಕ್ಕಲಿನ ಸ್ಥಿತಿ: ಅಂದಂದಿನದು ಅಂದಂದಿಗೇ. ನರಕ್ಕೆ ಸೂಜಿ ಚುಚ್ಚಿ ಲೆವೊಡೋಪಾವನ್ನು ಎಡೆಬಿಡದೆ ಹರಿಸಿದಾಗ ಇಂಥ ರೋಗಿಗಳ ಚಲನೆ ಬಹುಮಟ್ಟಿಗೆ ಸಮನಾಗುತ್ತಿತ್ತು. ಆ ಧಾರೆಯನ್ನು ಒಂದು ಗುಳಿಗೆಯೊಳಗೆ ಅಡಗಿಸಬಹುದೆ ಎಂಬುದೇ ಪ್ರಶ್ನೆ.

ಇದಕ್ಕೆ ಎರಡು ಉಪಾಯಗಳು ಹೊಳೆದವು. ಮೊದಲನೆಯದರಲ್ಲಿ ಔಷಧವನ್ನು ಮೆಲ್ಲನೆ ಸವೆಯುವ ಪಾಲಿಮರ್ ಒಡಲೊಳಗೆ ಹುದುಗಿಸಿ, ನಾಲ್ಕರಿಂದ ಆರು ಗಂಟೆಗಳವರೆಗೆ ಬಿಡುಗಡೆಯಾಗುವಂತೆ ಮಾಡಲಾಯಿತು. ಎರಡನೆಯದು ಜಠರದ ರಸದಲ್ಲಿ ತೇಲುವ ಕ್ಯಾಪ್ಸೂಲು. ತೇಲಿಸುವ ಹವಣಿಕೆಗೆ ಕಾರಣವಿದೆ: ಲೆವೊಡೋಪಾವನ್ನು ದೇಹವು ಹೀರಿಕೊಳ್ಳುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಆ ಗಡಿ ದಾಟಿದ ಮೇಲೆ ಕರಗಿದ ಔಷಧ ಬಹುಪಾಲು ವ್ಯರ್ಥ.

ಈ ಗುಳಿಗೆಗಳನ್ನು ಪರೀಕ್ಷಿಸುವಾಗ ಒಂದು ತೊಡಕಿತ್ತು. ಹಳೆಯ ಗುಳಿಗೆಯ ಫಲ ಬೇಗ ಕಾಣುವುದರಿಂದ, ತಾನು ನುಂಗಿದ್ದು ಯಾವುದೆಂದು ರೋಗಿ ಊಹಿಸಿಬಿಡಬಹುದು, ಎಣಿಕೆಯಲ್ಲೂ ವ್ಯತ್ಯಾಸ. ಆದುದರಿಂದ ಪ್ರತಿಯೊಬ್ಬರಿಗೂ ಎರಡು ಬಗೆಯ ಗುಳಿಗೆಗಳನ್ನು ಕೊಟ್ಟು, ಅವುಗಳಲ್ಲಿ ಒಂದು ಬಗೆಯದನ್ನು ಹುಸಿಯಾಗಿಡುವ ಪದ್ಧತಿಯನ್ನು ಅನುಸರಿಸಿದರು. ಚೆನ್ನಾಗಿ ಓಡಾಡಬಲ್ಲ ಹೊತ್ತು, ಬಿಗಿದುಕೊಂಡ ಹೊತ್ತು, ಅಂಗಗಳು ತಾವಾಗಿ ಕುಣಿಯುವ ಹೊತ್ತು, ಇವನ್ನು ರೋಗಿಗಳೇ ದಿನಚರಿಯಲ್ಲಿ ಗುರುತಿಸಬೇಕಾಗಿತ್ತು. ವೈದ್ಯನು ಅರ್ಧ ಗಂಟೆ ನೋಡಿ ಬರೆದುದಕ್ಕಿಂತ, ನಡುಗುವ ಕೈಯಿಂದ ತುಂಬಿದ ಈ ಹಾಳೆಗಳೇ ಹೆಚ್ಚು ನಂಬಿಕೆಗೆ ಅರ್ಹವೆಂದು ಹೇಳಬೇಕು.

ದೊರೆತ ಫಲ ಮಿಶ್ರವಾಗಿತ್ತು. ರಕ್ತದಲ್ಲಿನ ಏರಿಳಿತ ತಗ್ಗಿತು, ದಿನದ ಗುಳಿಗೆಗಳ ಸಂಖ್ಯೆ ಇಳಿಯಿತು. ಆದರೆ ಹಳೆಯ ಗುಳಿಗೆಗೆ ಹೋಲಿಸಿದರೆ ಪಾಲಿಮರ್ ಗುಳಿಗೆಯಿಂದ ರಕ್ತಕ್ಕೆ ಸೇರಿದ್ದು ನೂರಕ್ಕೆ 70-75ರಷ್ಟು ಮಾತ್ರ. ಔಷಧದ ಒಟ್ಟು ಪ್ರಮಾಣವನ್ನು ಹೆಚ್ಚಿಸಬೇಕಾಯಿತು. ಬರಿಹೊಟ್ಟೆಯಲ್ಲಿ ಅರ್ಧ ಗಂಟೆಗೆ ತುದಿ ಮುಟ್ಟುತ್ತಿದ್ದ ಔಷಧವು ಈಗ ಎರಡು ಗಂಟೆ ತೆಗೆದುಕೊಂಡಿತು. ರಾತ್ರಿಯೆಲ್ಲ ಔಷಧವಿಲ್ಲದೆ ಬಿಗಿದು ಮಲಗಿದ್ದವರಿಗೆ ಬೆಳಗಿನ ಈ ವಿಳಂಬ ದುಸ್ಸಹವಾಯಿತು. ಸಂಜೆಯ ವೇಳೆಗೆ ಹಿಂದಿನ ಗುಳಿಗೆಗಳ ಶೇಷವೆಲ್ಲ ಒಟ್ಟುಗೂಡಿ ಕೆಲವರಲ್ಲಿ ಅಂಗಗಳ ಕುಣಿತ ಹೆಚ್ಚಿತು. ನಿಧಾನವೆಂದರೆ ಸಮತೆಯೆಂದೇ ಭಾವಿಸಿದ್ದು ದುಡುಕು.

ಹಾಗಿದ್ದರೂ ಈ ಗುಳಿಗೆ 1991ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆಯಿತು. ಚಿಕಿತ್ಸೆಯ ಮೊದಲ ದಿನದಿಂದಲೇ ಅದನ್ನು ಕೊಟ್ಟರೆ ಮುಂದೆ ಏರಿಳಿತವೇ ತಲೆದೋರದೆಂಬ ಇನ್ನೊಂದು ಆಸೆ ಉಳಿದಿತ್ತು. ಅದನ್ನು 618 ರೋಗಿಗಳಲ್ಲಿ ಐದು ವರ್ಷಗಳ ಕಾಲ ಪರೀಕ್ಷಿಸಿದರು. 1997ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳಿಗೆ ಹೆಚ್ಚು ಭೇದವಿರಲಿಲ್ಲ. ಎರಡರಲ್ಲೂ ಸರಿಸುಮಾರು ಐದರಲ್ಲೊಬ್ಬರಿಗೆ ಏರಿಳಿತ ಅಥವಾ ಅಂಗಗಳ ಕುಣಿತ ಬಂದಿತ್ತು.

ಮೊದಲ ಪರೀಕ್ಷೆಗಳ ಸೋಲನ್ನು ಮರೆಯದವರು ಆಮೇಲೆ ಬೇರೆ ದಾರಿ ಹಿಡಿದರು: ಬೇಗ ಕರಗುವ ಕಣಗಳನ್ನೂ ತಡವಾಗಿ ಕರಗುವ ಕಣಗಳನ್ನೂ ಒಂದೇ ಕ್ಯಾಪ್ಸೂಲಿನಲ್ಲಿ ಬೆರೆಸಿದರು. 393 ರೋಗಿಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಚ್ಚರದ ವೇಳೆಯಲ್ಲಿ ಬಿಗಿದುಕೊಂಡಿರುವ ಹೊತ್ತು ಶೇ. 37ರಿಂದ ಸುಮಾರು ಶೇ. 24ಕ್ಕಿಳಿಯಿತು, ಸಾಮಾನ್ಯ ಗುಳಿಗೆಯವರಲ್ಲಿ ಶೇ. 36ರಿಂದ ಶೇ. 30ಕ್ಕೆ. ಅದಕ್ಕೆ ಅಮೆರಿಕೆಯ ಅನುಮತಿ ದೊರೆತದ್ದು 2015ರಲ್ಲಿ.

ಹಳೆಯ ನಿಧಾನದ ಗುಳಿಗೆಯನ್ನು ಈಗಲೂ ವೈದ್ಯರು ಹೆಚ್ಚಾಗಿ ಮಲಗುವ ಮುನ್ನ ಕೊಡುತ್ತಾರೆ. ಅದನ್ನು ಅಗಿಯಬಾರದು, ಪುಡಿಮಾಡಬಾರದು. ಒಡಲು ಒಡೆದರೆ ನಿಧಾನವೂ ಹೋಯಿತು. ನಡುರಾತ್ರಿಯಲ್ಲಿ ಯಾರನ್ನೂ ಕೂಗಿ ಎಬ್ಬಿಸದೆ ಮಗ್ಗುಲು ಬದಲಿಸಲು ರೋಗಿಗೆ ಅದು ನೆರವಾಗುತ್ತದೆ.