ಮಿನಾಮಾತ ಕೊಲ್ಲಿಯ ಋಣ

ಕಾಯಕವು ಶುದ್ಧವಾಗಿರಬೇಕೆಂಬುದು ಶರಣರು ನಮಗೆ ಕಲಿಸಿದ ಮೊದಲ ಪಾಠ. ದುಡಿಮೆಯ ಫಲವನ್ನು ತಾನುಂಡು, ಅದರ ಹೊಲಸನ್ನು ನೆರೆಯವನ ಅಂಗಳಕ್ಕೆ ಚೆಲ್ಲುವುದು ಕಾಯಕವೆನಿಸದು. ಆದರೆ ಯಾರೊಬ್ಬರ ಸ್ವತ್ತೂ ಅಲ್ಲದ ಕಡಲಿಗೆ ಚೆಲ್ಲಿದರೆ? ಅದನ್ನು ತೊಳೆಯುವ ಹೊಣೆ ಯಾರದು? ಜಪಾನಿನ ಮಿನಾಮಾತ ಎಂಬ ಊರು ಈ ಪ್ರಶ್ನೆಗೆ ತೆತ್ತ ಬೆಲೆಯನ್ನು ನಾವು ಅರಿಯಬೇಕಾಗಿದೆ.

ಕುಮಾಮೊತೊ ಪ್ರಾಂತದ ಈ ಕಡಲತಡಿಯ ಊರಿನಲ್ಲಿ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆಯಿತ್ತು. 1932ರಿಂದ 1968ರವರೆಗೆ ಅಲ್ಲಿ ಪಾದರಸದ ನೆರವಿನಿಂದ ಅಸಿಟಾಲ್ಡಿಹೈಡ್ ತಯಾರಿಸಲಾಗುತ್ತಿತ್ತು. ಆ ಕ್ರಿಯೆಯಲ್ಲಿ ಹುಟ್ಟಿದ ಮಿಥೈಲ್ ಪಾದರಸವು ತ್ಯಾಜ್ಯ ನೀರಿನೊಡನೆ ಕೊಲ್ಲಿಯನ್ನು ಸೇರಿತು. ಸಮುದ್ರಕ್ಕೆ ಬಿದ್ದುದೆಲ್ಲ ಕರಗಿಹೋಗುತ್ತದೆಂಬ ನಂಬಿಕೆ ಹುಸಿಯಾಯಿತು. ಸಣ್ಣ ಜೀವಿಗಳಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ ಸಾಗುತ್ತ ವಿಷವು ಹೆಚ್ಚು ಹೆಚ್ಚು ಸಾಂದ್ರವಾಯಿತು.

ಮೊದಲು ಬೆಕ್ಕುಗಳು ಕುಣಿದಂತೆ ತತ್ತರಿಸಿ ಸತ್ತವು. ಬಳಿಕ ಬೆಸ್ತರ ಮನೆಗಳಲ್ಲಿ ಕೈಕಾಲು ನಡುಗಿ, ಮಾತು ತೊದಲಿ, ದೃಷ್ಟಿ ಕುಗ್ಗುವ ಬೇನೆ ಕಾಣಿಸಿತು. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯಿಂದ ಸರಕಾರಿ ಆರೋಗ್ಯ ಕೇಂದ್ರಕ್ಕೆ ವರದಿ ಹೋಯಿತು. ಗರ್ಭದಲ್ಲಿದ್ದ ಶಿಶುಗಳನ್ನೂ ಈ ವಿಷ ಬಿಡಲಿಲ್ಲ.

1959ರಲ್ಲಿ ಆ ಆಸ್ಪತ್ರೆಯ ಮುಖ್ಯಸ್ಥ ಡಾ. ಹೊಸೊಕಾವಾ ಹಜಿಮೆ ಅವರು ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿಗೆ ಉಣಿಸಿ ಪರೀಕ್ಷಿಸಿದರು. ಬೆಕ್ಕಿಗೆ ಅದೇ ಬೇನೆ ತಗುಲಿತು. ಕಂಪನಿಯು ಈ ಸತ್ಯವನ್ನು ಬಚ್ಚಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ರೋಗಿಗಳಿಗೆ ಅನುಕಂಪದ ಹಣವೆಂದು ಅಲ್ಪ ಮೊತ್ತ ಕೊಟ್ಟು, ಮುಂದೆ ತಪ್ಪು ಕಾರ್ಖಾನೆಯದೆಂದು ತಿಳಿದುಬಂದರೂ ಹೆಚ್ಚಿನ ಪರಿಹಾರ ಕೇಳುವುದಿಲ್ಲವೆಂಬ ಕರಾರಿಗೆ ಒಪ್ಪಿಗೆ ಪಡೆಯಿತು. ರೋಗಕ್ಕೆ ಕಾರ್ಖಾನೆಯೇ ಕಾರಣವೆಂದು ಸರಕಾರ ಒಪ್ಪಿದ್ದು 1968ರ ಸೆಪ್ಟೆಂಬರಿನಲ್ಲಿ. ಹನ್ನೆರಡು ವರ್ಷಗಳ ಈ ಮೌನದಲ್ಲಿ ವಿಷ ಹರಿಯುತ್ತಲೇ ಇತ್ತು.

1970ರಲ್ಲಿ ಡಾ. ಹೊಸೊಕಾವಾ ರೋಗಶಯ್ಯೆಯಿಂದಲೇ ನ್ಯಾಯಾಲಯಕ್ಕೆ ಸಾಕ್ಷ್ಯ ನುಡಿದರು. ಅದೇ ವರ್ಷ ತೀರಿಕೊಂಡರು. 1973ರ ಮಾರ್ಚಿನಲ್ಲಿ ಕುಮಾಮೊತೊ ಜಿಲ್ಲಾ ನ್ಯಾಯಾಲಯವು ಕಂಪನಿಯನ್ನು ಹೊಣೆಯಾಗಿಸಿ, ಹಳೆಯ ಕರಾರನ್ನು ಅಸಿಂಧುಗೊಳಿಸಿತು.

ಇನ್ನು ಕೊಲ್ಲಿಯ ಶುದ್ಧಿ. ವಿಷವುಂಡ ಮೀನು ಹೊರಹೋಗದಂತೆ 1974ರಲ್ಲಿ ಕೊಲ್ಲಿಗೆ ಬಲೆ ಕಟ್ಟಿದರು. ಅದನ್ನು ತೆಗೆದದ್ದು 1997ರಲ್ಲಿ. 1977ರಿಂದ 1990ರವರೆಗೆ ಸುಮಾರು 15 ಲಕ್ಷ ಘನ ಮೀಟರ್ ಪಾದರಸದ ಕೆಸರನ್ನು ನಿಭಾಯಿಸಿ, 58 ಹೆಕ್ಟೇರ್ ಕಡಲನ್ನು ಹೂಳಿ ನೆಲವಾಗಿಸಿದರು. ವೆಚ್ಚ ಸುಮಾರು 4,850 ಕೋಟಿ ಯೆನ್. ಇದರ ಹೆಚ್ಚಿನ ಪಾಲು ಕಂಪನಿಯ ತಲೆಯ ಮೇಲೆ ಬಿತ್ತು. ಆದರೆ ಪರಿಹಾರದ ಭಾರದಿಂದ ಕಂಪನಿ ಮುಳುಗದಂತೆ ಪ್ರಾಂತ ಸರಕಾರವೇ ಸಾಲಪತ್ರ ಹೊರಡಿಸಿ ಹಣ ಒದಗಿಸಬೇಕಾಯಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಡೆಯಬಹುದಾಗಿದ್ದ ಅನಾಹುತವನ್ನು ತಡೆಯದ ರಾಷ್ಟ್ರ ಹಾಗೂ ಪ್ರಾಂತ ಸರಕಾರಗಳೂ ಹೊಣೆಯೆಂದು ಸಾರಿತು. ಆದರೂ ವ್ಯಾಜ್ಯ ಮುಗಿಯಲಿಲ್ಲ. 2023ರಲ್ಲಿಯೂ ಒಸಾಕಾ ನ್ಯಾಯಾಲಯ 128 ವಾದಿಗಳ ಪರ ತೀರ್ಪಿತ್ತಿತು.

2013ರಲ್ಲಿ ಈ ಊರಿನ ಹೆಸರಿನಲ್ಲೇ ಪಾದರಸ ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವಾಯಿತು. ನಮ್ಮ ದೇಶವೂ 2018ರಲ್ಲಿ ಅದನ್ನು ಅನುಮೋದಿಸಿದೆ. ಸರಕಾರದ ಮಾತು ಹಾಗಿರಲಿ, ನಮ್ಮ ಮನೆಯ ಮಾತೇನು? ಒಡೆದ ಜ್ವರಮಾಪಕವನ್ನೂ ಕೆಟ್ಟ ಟ್ಯೂಬ್‌ಲೈಟನ್ನೂ ಮೋರಿಗೆ, ಹಳ್ಳಕ್ಕೆ ಎಸೆಯುವಾಗ ಅವುಗಳಲ್ಲಿಯೂ ಪಾದರಸವಿರುವುದನ್ನು ನಾವು ನೆನೆಯುತ್ತೇವೆಯೇ?

ನ್ಯಾಯಾಲಯಗಳು ಹಣದ ಲೆಕ್ಕವನ್ನು ಇತ್ಯರ್ಥಗೊಳಿಸಬಲ್ಲವು. ಹುಟ್ಟುವ ಮುನ್ನವೇ ಬಾಳನ್ನು ಕಳೆದುಕೊಂಡ ಮಕ್ಕಳ ಋಣವನ್ನು ಯಾರೂ ತೀರಿಸಲಾರರು. ಚೆಲ್ಲಿದ ಮೇಲೆ ತೊಳೆಯುವುದಕ್ಕಿಂತ ಚೆಲ್ಲದಿರುವುದೇ ಧರ್ಮ. ಚೆಲ್ಲಿದವನು ಒಪ್ಪಿಕೊಂಡು ತೊಳೆಯುವುದು ಅದರ ಮುಂದಿನ ಮೆಟ್ಟಿಲು. ಈ ಎರಡನ್ನೂ ನಮ್ಮ ಮಕ್ಕಳಿಗೆ ಮನೆಯ ಅಂಗಳದಿಂದಲೇ ಕಲಿಸೋಣ.