ಇಬ್ಬರು ರಾಜರನ್ನು ಕೆಳಗಿಡುವ ಲೆಕ್ಕ

ರಮ್ಮಿಯಲ್ಲಿ ಕೆಟ್ಟ ಎಲೆ ಬಿದ್ದರೆ ಡ್ರಾಪ್ ಹೇಳಿ ಸುಮ್ಮನೆ ಕೂರಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಪೋಕರ್ ಆಡುವವರ ಫಜೀತಿ ಶುರುವಾಗುವುದೇ ಒಳ್ಳೆಯ ಎಲೆ ಬಿದ್ದಾಗ. ಕೈಯಲ್ಲಿ ರಾಜನ ಜೋಡಿ ಇದೆ. ಆದರೂ ಹಾಕಿದ ಪಣ ಬಿಟ್ಟು, ಎಲೆ ಕೆಳಗಿಟ್ಟು ಹೊರಬರಬೇಕು. ಇದಕ್ಕೆ ‘ಫೋಲ್ಡ್’ ಎಂದು ಹೆಸರು. ಅದನ್ನು ಯಾವಾಗ ಮಾಡಬೇಕೆಂದು ತಿಳಿಯಲು ಧೈರ್ಯಕ್ಕಿಂತ ಎಣಿಕೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಹಂತದಲ್ಲೂ ಪಣ ಏರಿಸಬಹುದು. 52 ಎಲೆಗಳಿಂದ ಎರಡನ್ನು 1,326 ಬಗೆಯಲ್ಲಿ ಆರಿಸಬಹುದು. ಅದರಲ್ಲಿ ಎಕ್ಕದ ಜೋಡಿ ಆರೇ ಬಗೆ, ಅಂದರೆ 221 ಆಟಕ್ಕೊಮ್ಮೆ. ರಾಜನ ಜೋಡಿಯೂ ಅಷ್ಟೇ ಅಪರೂಪ. ಇಷ್ಟು ಕಾದು ಸಿಕ್ಕಿದ್ದನ್ನು ಬಿಡಲು ಮನಸ್ಸು ಬಾರದು. ಆದರೆ ಎಕ್ಕದ ಜೋಡಿಯೂ ಒಬ್ಬ ಎದುರಾಳಿಯ ಯಾವುದೋ ಎಲೆಗಳ ವಿರುದ್ಧ ನೂರಕ್ಕೆ ಸುಮಾರು 85 ಸಲ ಗೆದ್ದರೆ, ಎಂಟು ಮಂದಿ ಕೊನೆಯವರೆಗೂ ನಿಂತಾಗ ಗೆಲ್ಲುವುದು ಸುಮಾರು 35 ಸಲ ಮಾತ್ರ.

ಒಂದು ಆಟವನ್ನೇ ಹತ್ತಿರದಿಂದ ನೋಡೋಣ. ನಿಮ್ಮ ಕೈಯಲ್ಲಿ ಇಸ್ಪೀಟ್ ರಾಜ, ಕಳಾವರ್ ರಾಜ. ನೀವು ಪಣ ಏರಿಸಿದಿರಿ, ಒಬ್ಬ ಜೊತೆಗೆ ಬಂದ. ನಡುವೆ ಬಿದ್ದದ್ದು ಆಟೀನ್ ಎಕ್ಕ, ಒಂಬತ್ತು, ನಾಲ್ಕು. ರಾಜನ ಜೋಡಿ ಇರುವವನಿಗೆ ಮೊದಲ ಮೂರು ಎಲೆಗಳಲ್ಲಿ ಎಕ್ಕ ಎದುರಾಗುವುದು ನೂರಕ್ಕೆ ಸುಮಾರು 23 ಸಲ. ಇದೇನೂ ವಿಧಿಯ ಆಟವಲ್ಲ, ಮಾಮೂಲು ಸಂಗತಿ.

ಈಗ ಎಣಿಸಿ. ಉಳಿದಿರುವ ಎಕ್ಕ ಮೂರು, ರಾಜ ಎರಡು. ಎದುರಾಳಿಯ ಕೈಯಲ್ಲಿ ಎಕ್ಕ–ರಾಜ ಇರಲು 6 ಬಗೆ, ಎಕ್ಕ–ರಾಣಿಗೆ 12, ಎಕ್ಕ–ಗುಲಾಮಕ್ಕೆ 12. ಒಟ್ಟು 30, ನಡುವಿನ ಎಕ್ಕದೊಡನೆ ಜೋಡಿಯಾಗಿ ಇವೆಲ್ಲ ನಿಮ್ಮನ್ನು ಸೋಲಿಸುತ್ತವೆ. ರಾಣಿ, ಗುಲಾಮ, ಹತ್ತು, ಎಂಟು, ಏಳರ ಜೋಡಿಗಳು ತಲಾ 6ರಂತೆ 30; ಇವು ನಿಮಗೆ ಸೋಲುತ್ತವೆ. ಉಳಿದ ಸಾಧ್ಯತೆಗಳನ್ನು ಲೆಕ್ಕ ಸುಲಭವಾಗಲೆಂದು ಬಿಟ್ಟಿದ್ದೇನೆ. ಸದ್ಯಕ್ಕೆ ತಕ್ಕಡಿ ಸಮ.

ಆದರೆ ಆಸಾಮಿ ಮೂರೂ ಹಂತದಲ್ಲಿ ಬಿಡದೆ ಪಣ ಹಾಕಿದ. ನಂತರ ಬಿದ್ದ ಎರಡು, ಆರು ಯಾರಿಗೂ ಉಪಯೋಗವಿಲ್ಲ. ಎಕ್ಕ ಇದ್ದವನು ಹತ್ತಕ್ಕೆ ಎಂಟು ಸಲ ಹೀಗೆ ಆಡುತ್ತಾನೆ, ಬರೀ ಹತ್ತರ ಜೋಡಿಯಂಥದ್ದು ಇದ್ದವನು ಹತ್ತಕ್ಕೊಂದು ಸಲ ಎಂದಿಟ್ಟುಕೊಳ್ಳಿ. ಆಗ 30 ಮತ್ತು 30 ಇದ್ದದ್ದು 24 ಮತ್ತು 3 ಆಗುತ್ತದೆ. ನೀವು ಗೆಲ್ಲುವುದು ಒಂಬತ್ತಕ್ಕೊಂದು ಸಲ. ಹೊಸ ಸುಳಿವು ಬಂದಂತೆ ಹಳೆಯ ಅಂದಾಜನ್ನು ತಿದ್ದುವ ಈ ಕ್ರಮ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯದು. ಅವನು ಸತ್ತ ಮೇಲೆ, 1763ರಲ್ಲಿ ಅಚ್ಚಾಯಿತು.

ಗೆಲ್ಲುವ ಸಂಭವ ಸಿಕ್ಕಿತು, ಇನ್ನು ಬೆಲೆ ನೋಡಬೇಕು. ಮೇಜಿನ ನಡುವೆ 1,000 ಚಿಪ್ ಇದೆ, ಅವನು 500 ಹಾಕಿದ. ನೀವು 500 ಕೊಟ್ಟರೆ ಒಟ್ಟು 2,000. ಅದರಲ್ಲಿ ನಿಮ್ಮ ಪಾಲು ಕಾಲು ಭಾಗವಾದ್ದರಿಂದ ನೂರಕ್ಕೆ 25 ಸಲವಾದರೂ ಗೆದ್ದರೆ ನಷ್ಟವಿಲ್ಲ. ನಿಮ್ಮದು 11. ರಾಜರನ್ನು ಕೆಳಗಿಡಿ.

ಇದೇ ಆಟವನ್ನು ಆನ್‌ಲೈನ್‌ನಲ್ಲಿ ಆಡುವಾಗ ಮುಖ ನೋಡಿ ಮನಸ್ಸು ಓದುವ ಅವಕಾಶವಿಲ್ಲ. ಪಣದ ಗಾತ್ರ, ಯೋಚಿಸಲು ತೆಗೆದುಕೊಂಡ ಹೊತ್ತು, ಹಿಂದೆ ಆಡಿದ ರೀತಿ, ಇಷ್ಟೇ ಸುಳಿವು. ಅತ್ತ ಪರದೆಯ ಮೇಲೆ ಸಮಯದ ಪಟ್ಟಿ ಕುಗ್ಗುತ್ತಿರುತ್ತದೆ. ಆ ಅವಸರದಲ್ಲಿ ಮನಸ್ಸು ಅಂಟಿಕೊಳ್ಳುವುದು ಈಗಾಗಲೇ ಸುರಿದ ಚಿಪ್‌ಗಳಿಗೆ. ಬರುವ ಲಾಭದ ಖುಷಿಗಿಂತ ಕೈತಪ್ಪುವುದರ ನೋವು ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಅಮೋಸ್ ಟ್ವೆರ್ಸ್ಕಿ 1979ರಲ್ಲೇ ತೋರಿಸಿದ್ದರು.

ನಡುವಿನ ಎಲೆ ಬೀಳುವ ಮೊದಲೇ ಎಕ್ಕದ ಜೋಡಿಯನ್ನು ಬಿಡುವುದುಂಟೇ? ಸಾಮಾನ್ಯವಾಗಿ ಇಲ್ಲ. ಆದರೆ ದೊಡ್ಡ ಪಂದ್ಯದ ಪ್ರವೇಶ ಟಿಕೆಟ್ಟೇ ಬಹುಮಾನವಾದ ಕೆಲವು ಪಂದ್ಯಗಳಿವೆ. ಹತ್ತು ಟಿಕೆಟ್, ಹನ್ನೊಂದು ಮಂದಿ, ನಿಮ್ಮ ಬಳಿ ರಾಶಿ ಚಿಪ್. ಇನ್ನಷ್ಟು ಗೆದ್ದರೂ ಸಿಗುವುದು ಅದೇ ಒಂದು ಟಿಕೆಟ್. ಸೋತರೆ ಅದೂ ಇಲ್ಲ. ಎಕ್ಕದ ಜೋಡಿ ರಾಜನ ಜೋಡಿಗೂ ನೂರಕ್ಕೆ ಸುಮಾರು 18 ಸಲ ಸೋಲುತ್ತದೆ. ಅಲ್ಲಿ ಎಕ್ಕ ಬಿಡುವವನೇ ಜಾಣ.

ಎಲೆ ಬಿಟ್ಟ ಮೇಲೆ ಪಶ್ಚಾತ್ತಾಪ ಕಾಡುವುದು ಸಹಜ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರನ್ನು 1,20,000 ಆಟಗಳಲ್ಲಿ ಮಣಿಸಿದ ‘ಲಿಬ್ರೇಟಸ್’ ಎಂಬ ತಂತ್ರಾಂಶ ಕಲಿತದ್ದೂ ಪಶ್ಚಾತ್ತಾಪದಿಂದಲೇ. ‘ಬೇರೆ ನಡೆ ಇಟ್ಟಿದ್ದರೆ ಸರಾಸರಿ ಎಷ್ಟು ಹೆಚ್ಚು ಬರುತ್ತಿತ್ತು?’ ಎಂದು ತನ್ನೊಡನೆ ತಾನೇ ಆಡುತ್ತ ಲೆಕ್ಕ ಹಾಕಿ, ಆ ಕೊರತೆಯನ್ನು ಕುಗ್ಗಿಸುತ್ತ ಹೋಯಿತು. ನಾವು ಹಳಹಳಿಸುವುದು ಒಂದೇ ಆಟದ ಫಲ ನೋಡಿ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ಭಾರತದಲ್ಲಿ ನಿಷೇಧಿಸಿದೆ. ಲೆಕ್ಕವನ್ನು ಬಿಟ್ಟಿ ಚಿಪ್‌ಗಳಲ್ಲೂ ಕಲಿಯಬಹುದು. ಮೇಲಿನ ಆಟವನ್ನೇ ಒಂಬತ್ತು ಸಲ ಆಡಿ, ಪ್ರತಿ ಸಲ 500 ಕೊಟ್ಟಿರೆನ್ನಿ: ಎಂಟು ಸಲದ ನಷ್ಟ 4,000, ಒಂದು ಸಲದ ಗಳಿಕೆ 1,500. ಬಿಟ್ಟರೆ, ಒಂಬತ್ತರಲ್ಲೊಂದು ಸಲ ಎದುರಾಳಿ ಹತ್ತರ ಜೋಡಿ ತೋರಿಸಿ ನಗಬಹುದು. ಆ ಸಲವೂ ನೀವು ರಾಜರನ್ನು ಕೆಳಗಿಟ್ಟದ್ದು ಸರಿಯೇ.