ಡಯಾಲಿಸಿಸ್‌ಗೂ ಪೂರ್ತಿ ಸಿಗದ ವಿಷ ಹುಟ್ಟೋದು ಕರುಳಲ್ಲಿ

ನಮ್ಮ ಸಂಬಂಧಿಕರೊಬ್ಬರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಜೊತೆಗೆ ಹೋದಾಗ ಆ ಯಂತ್ರ ನೋಡ್ತಾ, ರಕ್ತ ಪೂರ್ತಿ ಶುದ್ಧ ಆಗುತ್ತೆ ಅಂತಲೇ ನಾನು ನಂಬಿದ್ದೆ. ಹಾಗೇನಿಲ್ಲ.

ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಿಗೆ ನಾರಿನ ಆಹಾರ ಸಿಕ್ಕರೆ, ಕರುಳಿನ ಗೋಡೆಯನ್ನು ಗಟ್ಟಿಯಾಗಿಡುವ ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ. ನಾರು ಸಾಲದಿದ್ದರೆ ಪ್ರೊಟೀನ್ ಒಡೆಯೋದು ಹೆಚ್ಚಾಗುತ್ತದೆ. ಆಗ ಹುಟ್ಟುವ ಇಂಡೋಲ್, ಪಿ-ಕ್ರೆಸಾಲ್‌ಗಳು ದೇಹದೊಳಗೆ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಆಗಿ ರಕ್ತ ಸೇರುತ್ತವೆ. ಆರೋಗ್ಯವಂತ ಕಿಡ್ನಿ ಇವನ್ನು ಮೂತ್ರದಲ್ಲಿ ಹೊರಹಾಕುತ್ತೆ, ಸೋತ ಕಿಡ್ನಿಗೆ ಅದು ಆಗಲ್ಲ. ಇವು ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್‌ನಲ್ಲೂ ಸರಿಯಾಗಿ ಸೋಸಿ ಹೋಗಲ್ಲ.

ಇದು ಎರಡು ಕಡೆಯಿಂದ ಹೊಡೆಯುವ ಏಟು. ಕಿಡ್ನಿ ಸೋತಾಗ ರಕ್ತದಲ್ಲಿ ಯೂರಿಯಾ ಏರಿ, ಕರುಳಿಗೂ ಇಳಿಯುತ್ತೆ. ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡುತ್ತವೆ, ಕರುಳಿನ ಗೋಡೆ ಸಡಿಲಾಗುತ್ತೆ, ಇನ್ನಷ್ಟು ವಿಷ ರಕ್ತಕ್ಕೆ ನುಗ್ಗುತ್ತೆ.

ಈಗ ನಮ್ಮ ತಟ್ಟೆ ನೋಡೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎರೆಮಣ್ಣಿನ ಬಿಳಿಜೋಳದ ಸೀಮೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ, ಪಾಲಿಶ್ ಅಕ್ಕಿಯಲ್ಲಿ ಸುಮಾರು 3 ಗ್ರಾಂ. ನಮ್ಮ ಮನೆಯಲ್ಲೇ ರಾತ್ರಿ ರೊಟ್ಟಿ ಹೋಗಿ ಅನ್ನ ಬಂದಿದೆ. 2013ರಲ್ಲಿ ಶುರುವಾದ ಅನ್ನಭಾಗ್ಯವನ್ನು ಹಂಗಿಸೋದು ನನ್ನ ಉದ್ದೇಶವಲ್ಲ, ಹಸಿದವರಿಗೆ ಅಕ್ಕಿಯೇ ಆಸರೆ. ಆದರೆ ಜೋಳ ಬೆಳೆಯುವ ಸೀಮೆಯ ಪಡಿತರದಲ್ಲಿ ಜೋಳ, ಬೇಳೆ ವರ್ಷವಿಡೀ ಇರಬೇಕು ಅಂತ ಕೇಳೋದು ತಪ್ಪೇ?

ಹಾಗಂತ ರೊಟ್ಟಿ ತಿಂದರೆ ಕಿಡ್ನಿ ಕಾಯಿಲೆ ಬರಲ್ಲ, ವಾಸಿಯಾಗುತ್ತೆ ಅಂತ ಯಾರಾದರೂ ಹೇಳಿದ್ರೆ ನಂಬಬೇಡಿ. ಕಿಡ್ನಿ ಹಾಳಾಗಲು ದೊಡ್ಡ ಕಾರಣಗಳು ಶುಗರ್ ಮತ್ತು ಬಿಪಿ. ಮನಬಂದಂತೆ ನುಂಗುವ ನೋವಿನ ಮಾತ್ರೆಗಳೂ ಕೆಡಿಸುತ್ತವೆ. ಕಾಯಿಲೆ ಬಲಿತವರಿಗೆ ಪೊಟ್ಯಾಸಿಯಂ, ಫಾಸ್ಫರಸ್‌ನ ಮಿತಿ ಇರುತ್ತೆ, ಅವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು.

ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ತಂತು. ಅದು ಬೇಕೇ ಬೇಕು. ಆದರೆ ಅದು ಕಿಡ್ನಿ ಸೋತ ಮೇಲಿನ ಮಾತು. ಮುಂದಿನ ಸಲ ನಿಮ್ಮ ಶಾಸಕರು ಡಯಾಲಿಸಿಸ್ ಯಂತ್ರ ಉದ್ಘಾಟಿಸಲು ಬಂದಾಗ ಒಂದು ಪ್ರಶ್ನೆ ಕೇಳಿ: ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಆಗ್ತಿದೆಯಾ?